ಐದನೆಯ ಸೀಟು

ಸೊಸೆ ಬಾಯಿತಪ್ಪಿ ಆಡಿದ್ದು ಒಂದೇ ಒಂದು ಮಾತು. ಆದರೆ ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಬೆಳಗಿನ ಪ್ಯಾಸೆಂಜರ್ ಗಾಡಿ ಹೊರಟುಹೋಗಿ, ಟಿಕೆಟ್ ಕಿಟಕಿಯ ಮುಂದೆ ನೊಣ ಕೂಡ ಇಲ್ಲದ ಹೊತ್ತು. ಸ್ಟೇಷನ್ ಮಾಸ್ತರು ಹಳೆಯ ಫೋಟೋ ಒಂದನ್ನು ಹಿಡಿದುಕೊಂಡು ಅವಳ ಕೌಂಟರಿಗೆ ಬಂದರು. ಈ ಪುಟ್ಟ ನಿಲ್ದಾಣವನ್ನು ಪಾರಂಪರಿಕ ಕಟ್ಟಡ ಎಂದು ಗುರುತಿಸಿದ್ದಾರಂತೆ. ಮೇಲ್ದರ್ಜೆಯ ಪ್ರಯಾಣಿಕರು ಕೂರುತ್ತಿದ್ದ ಕೋಣೆಯನ್ನು ಮೊದಲಿದ್ದ ಹಾಗೆಯೇ ಮಾಡುತ್ತಾರಂತೆ. ಗೋಡೆ ಇದೆ, ಹೆಂಚಿದೆ, ಗಡಿಯಾರವಿದೆ, ಫೋಟೋದಲ್ಲಿರುವ ಬೆಂಚು ಮಾತ್ರ ಇಲ್ಲ.

"ಇಂಥದ್ದು ಇನ್ನೆಲ್ಲಿ ಸಿಗುತ್ತಮ್ಮಾ? ಯಾವ ಕಾಲದಲ್ಲೋ ಹರಾಜು ಹಾಕಿದಾರೆ. ತಗೊಂಡೋರು ಸೌದೆ ಮಾಡಿರ್ತಾರೆ," ಎಂದರು ಮಾಸ್ತರು.

ಸೊಸೆ ಫೋಟೋ ನೋಡಿ ನಕ್ಕುಬಿಟ್ಟಳು. "ಸೌದೆ ಎಲ್ಲಿ ಬಂತು ಸಾರ್? ನಾನು ಬೆಳಿಗ್ಗೆ ಇದರ ಮೇಲೇ ಕೂತು ತಿಂಡಿ ತಿಂದು ಬಂದಿದೀನಿ!"

ಅಷ್ಟೇ. ಮಾಸ್ತರು ಅಲ್ಲಿಂದ ನೇರ ಫೋನಿಗೇ ಹೋದರು. ಸಂಜೆ ಅವಳು ಕೌಂಟರು ಮುಚ್ಚುವಷ್ಟರಲ್ಲಿ, ಮುಂದಿನ ಸೋಮವಾರ ಪಾರಂಪರಿಕ ವಿಭಾಗದ ಅಧಿಕಾರಿಯೊಬ್ಬರು ಬೆಂಚು ನೋಡಲು ಮನೆಗೇ ಬರುವುದೆಂದು ನಿಶ್ಚಯವಾಗಿತ್ತು. "ಕೊಡ್ತೀರಿ ತಾನೇ?" ಎಂದು ಮಾಸ್ತರು ಕೇಳಿದಾಗ ಅವಳು, "ಅದಕ್ಕೇನು ಸಾರ್," ಎಂದೂ ಅಂದಿದ್ದಳು. ಮನೆಯಲ್ಲಿ ಒಬ್ಬರನ್ನೂ ಕೇಳಿರಲಿಲ್ಲ.

ಮನೆ ದೂರವೇನಿರಲಿಲ್ಲ. ಪ್ಲಾಟ್‌ಫಾರಂ ಗೋಡೆಗೆ ಬೆನ್ನು ಕೊಟ್ಟು ನಿಂತ ರೈಲ್ವೆ ಕ್ವಾರ್ಟರ್ಸು. ಹಿಂದೆ ಅದು ಮಾವನ ಹೆಸರಿನಲ್ಲಿತ್ತು. ಸಿಗ್ನಲ್ಲಿನ ಲಾಂದ್ರಗಳಿಗೆ, ಸ್ಟೇಷನ್ನಿನ ದೀಪಗಳಿಗೆ ಎಣ್ಣೆ ತುಂಬಿ ಗಾಜು ಒರೆಸುವುದು ಅವರ ಕೆಲಸವಾಗಿತ್ತು. ದೀಪಗಳೆಲ್ಲ ಕರೆಂಟಿಗೆ ತಿರುಗಿದ ಮೇಲೂ ಊರಿನವರಿಗೆ ಅವರು ಲಾಂದ್ರದ ತಾತನೇ. ಅವರು ನಿವೃತ್ತರಾಗುವ ಹೊತ್ತಿಗೆ ಸರಿಯಾಗಿ ಸೊಸೆಗೆ ಟಿಕೆಟ್ ಕೌಂಟರಿನ ಕೆಲಸ ಸಿಕ್ಕಿ, ಮನೆ ಅವಳ ಹೆಸರಿಗೆ ಬಂತು. ಇದು ಮಾವನಿಗೆ ಒಳಗೊಳಗೇ ಚುಚ್ಚುವ ವಿಷಯ, ಅತ್ತೆಗೆ ಬೀದಿಯಲ್ಲಿ ಬಾಯಿತುಂಬ ಹೇಳಿಕೊಳ್ಳುವ ವಿಷಯ.

ಇನ್ನು ಆ ಬೆಂಚು. ಸಾಗುವಾನಿ ಮರದ ಉದ್ದನೆಯ ಬೆಂಚು. ಯಾರೂ ಕಾಲು ಚಾಚಿ ಮಲಗದಿರಲೆಂದು ಒಂದೊಂದು ಸೀಟಿಗೂ ನಡುವೆ ಮರದ ಕೈ. ಪ್ರಾಯದಲ್ಲಿ ಮಾವ ಆ ಕೋಣೆಯ ದೀಪ ಒರೆಸಿ ಒರೆಸಿ ಬೆಂಚಿನ ಧೂಳನ್ನೂ ಹೊಡೆಯುತ್ತಿದ್ದರು, ಆದರೆ ಕೂರುವ ಹಾಗಿರಲಿಲ್ಲ. ಅದು ಕೋಟು ಹಾಕಿದವರ ಬೆಂಚು. ಒಂದು ವರ್ಷ ಹಳೆಯ ಸಾಮಾನೆಲ್ಲ ಹರಾಜಿಗೆ ಬಂದಾಗ ಅವರು ಹಠ ಹಿಡಿದು ಅದನ್ನು ಕೊಂಡು, ನಾಲ್ಕು ಜನರ ಹೆಗಲ ಮೇಲೆ ಮನೆಗೆ ತಂದರು. ತಂದದ್ದೇನೋ ಸರಿ, ಒಳಗೆ ಹೋಗಬೇಕಲ್ಲ? ಬಾಗಿಲು ದಾಟಿದ ಕೂಡಲೇ ಇಕ್ಕಟ್ಟಾದ ಓಣಿ, ಓಣಿಯಿಂದ ಹಾಲಿಗೆ ಒಂದು ತಿರುವು. ಬೆಂಚು ಆ ತಿರುವಿನಲ್ಲಿ ತಿರುಗಲಿಲ್ಲ.

ಅತ್ತೆ ಆಗಲೇ ಹೇಳಿದ್ದರು, "ಹಾಲಿನ ಕಿಟಕಿ ಇಷ್ಟು ದೊಡ್ಡದಿದೆ, ಸರಳೂ ಇಲ್ಲ. ಕಿಟಕಿಯಿಂದ ತನ್ನಿ." ಹೆಂಡತಿಯ ಮಾತು ಕೇಳಿದರೆ ನಾಲ್ಕು ಜನರ ಎದುರಿಗೆ ಮೀಸೆ ಮಣ್ಣಾಗುತ್ತದಲ್ಲ! ಮಾವ ಕೇಳಲಿಲ್ಲ. ಬಾಗಿಲ ಚೌಕಟ್ಟು ಬಿಚ್ಚೋಣವೆಂದು ಯಾರೋ ಅಂದರೆ, "ಚೌಕಟ್ಟು ಸರ್ಕಾರದ್ದು, ಬೆಂಚು ನಮ್ದು," ಎಂದು ನ್ಯಾಯ ಹೇಳಿ, ಗರಗಸ ತರಿಸಿ ಬೆಂಚಿನ ಕೊನೆಯ ಒಂದು ಸೀಟನ್ನು ಕತ್ತರಿಸಿಯೇಬಿಟ್ಟರು. ನಾಲ್ಕು ಸೀಟಿನ ಬೆಂಚು ಹಾಲಿಗೆ ಹೋಯಿತು. ಕತ್ತರಿಸಿದ ಒಂಟಿ ಸೀಟಿಗೆ ಎರಡು ಕಾಲು ಬಡಿದು ಅಡುಗೆಮನೆಗೆ ಹಾಕಿದರು. ಆವತ್ತಿನಿಂದ ಅತ್ತೆ ತರಕಾರಿ ಹೆಚ್ಚುವುದು, ಕಾಳು ಆರಿಸುವುದು, ಊಟ ಮಾಡುವುದು, ಎಲ್ಲ ಆ ಒಂಟಿ ಸೀಟಿನ ಮೇಲೆಯೇ.

ಹಾಲು ಇಕ್ಕಟ್ಟು. ಗೋಡೆಗೆ ಬೆಂಚು, ಬೆಂಚಿನ ಮುಂದೆ ಉದ್ದನೆಯ ಮೇಜು. ಎದುರುಬದಿಗೆ ಕುರ್ಚಿ ಹಾಕಿದರೆ ಮಲಗುವ ಕೋಣೆಗೆ ದಾರಿಯಿಲ್ಲ. ಮೊದಲು ಮಾವ ಮತ್ತು ಮೂವರು ಮಕ್ಕಳು ಸಾಲಾಗಿ ಕೂತು ಉಣ್ಣುತ್ತಿದ್ದರು. ಹೆಣ್ಣುಮಕ್ಕಳಿಬ್ಬರೂ ಮದುವೆಯಾಗಿ ಹೋದ ಮೇಲೆ ಅವರ ಜಾಗಕ್ಕೆ ಸೊಸೆ ಬಂದಳು, ಮೊಮ್ಮಗಳು ಬಂದಳು. ಸೀಟು ಮತ್ತೆ ನಾಲ್ಕಕ್ಕೆ ನಾಲ್ಕೂ ಭರ್ತಿ. ಅತ್ತೆ ಎಲ್ಲರಿಗೂ ಬಡಿಸಿ, ಒಳಗೆ ತಟ್ಟೆ ಹಾಕಿಕೊಳ್ಳುತ್ತಿದ್ದರು. ಸೊಸೆ ಮದುವೆಯಾಗಿ ಬಂದ ಹೊಸತರಲ್ಲಿ, ಒಳಗೇಕೆ ಎಂದು ಒಮ್ಮೆ ಕೇಳಿದ್ದಳು. "ನಂಗೆ ಇಲ್ಲೇ ಆರಾಮಮ್ಮ," ಎಂದಿದ್ದರು ಅತ್ತೆ. ಅವಳು ಮತ್ತೆ ಕೇಳಿರಲಿಲ್ಲ.

ಆ ರಾತ್ರಿಯ ಊಟಕ್ಕೆ ಸೊಸೆ ಸುದ್ದಿ ತೆಗೆದಳು. ಮಾವ ಅನ್ನ ಕಲಸುತ್ತಿದ್ದ ಕೈ ಅಲ್ಲೇ ನಿಂತಿತು.

"ನಮ್ಮ ಬೆಂಚಾ? ಪಾರಂಪರಿಕಾನಾ?"

"ಹೌದು ಮಾವ. ಕೊಟ್ಟೋರ ಹೆಸರು ಹಾಕಿ ಹಿತ್ತಾಳೆ ಫಲಕ ಹೊಡೀತಾರಂತೆ."

"ಹಿತ್ತಾಳೇದು!" ಮಾವ ಮೊಮ್ಮಗಳ ಕಡೆ ತಿರುಗಿದರು. "ಕೇಳಿದೆಯೇನೇ? ನಿಮ್ಮ ತಾತನ ಹೆಸರು. ಕೋಟಿನವರ ಕೋಣೇಲಿ!"

"ಹಂಗಾದ್ರೆ ನಮಗೆ ಹೊಸ ಮೇಜು ಬರತ್ತಾ? ಬಣ್ಣದ ಕುರ್ಚಿ?" ಎಂದಳು ಹದಿನೈದರ ಮೊಮ್ಮಗಳು. ಅವಳಿಗೆ ಆ ಬೆಂಚಿನ ಮೇಲೆ ಕೂತರೆ ಗಾಡಿಗೆ ಕಾಯುತ್ತಿರುವ ಹಾಗೆ ಅನ್ನಿಸುತ್ತಿತ್ತಂತೆ.

ಸೊಸೆಯ ಗಂಡ ಬಡಗಿ. ಸ್ಟೇಷನ್ ರಸ್ತೆಯಲ್ಲಿ ಅವನದ್ದೇ ಅಂಗಡಿ. ಮರವನ್ನಷ್ಟೇ ಅಲ್ಲ, ಮಾತನ್ನೂ ಅಳತೆ ಮಾಡಿಯೇ ಕತ್ತರಿಸುವ ಮನುಷ್ಯ. ಅವನು "ಹೂಂ" ಎಂದ.

ಅಡುಗೆಮನೆಯಿಂದ ಅತ್ತೆಯ ದನಿ ಬಂತು. "ಬೆಂಚು ಎಲ್ಲಿಗೂ ಹೋಗಲ್ಲ."

"ಏನೇ ನಿಂದು? ಅದು ನಾನು ಕೊಂಡಿದ್ದು," ಎಂದು ಮಾವ ರೇಗಿದರು.

"ಕೊಂಡಿದ್ದು ನೀವು, ಕುಯ್ದಿದ್ದೂ ನೀವು. ಕಿಟಕಿಯಿಂದ ತನ್ನಿ ಅಂದ್ರೆ ಕೇಳಿದ್ರಾ?"

"ಶುರುವಾಯ್ತಪ್ಪ ಕಿಟಕಿ ಪುರಾಣ!"

ಆ ಮನೆಯಲ್ಲಿ ಯಾವ ಜಗಳ ಎಲ್ಲಿ ಹುಟ್ಟಿದರೂ ಕೊನೆಗೆ ಬಂದು ಸೇರುವುದು ಆ ಕಿಟಕಿಗೇ. ಸೊಸೆ ತಲೆ ತಗ್ಗಿಸಿ ಉಂಡಳು. ಮಾತು ಕೊಟ್ಟು ಬಂದವಳು ಅವಳು. ಅತ್ತ ದರಿ, ಇತ್ತ ಪುಲಿ.

ಸೋಮವಾರ ಅಧಿಕಾರಿ ಬಂದರು. ನಡುವಯಸ್ಸಿನ, ಒಳ್ಳೆಯ ಸ್ವಭಾವದ ಮನುಷ್ಯ. ಆದರೆ ಕೈಯಲ್ಲಿ ಅಳತೆಯ ಟೇಪು, ಕಣ್ಣಲ್ಲಿ ಬರೀ ಕಟ್ಟಡ. ಬಾಗಿಲಲ್ಲಿ ನಿಂತು ಕುಶಲ ಕೇಳುವುದನ್ನು ಬಿಟ್ಟು ಚೌಕಟ್ಟು ಸವರಿದರು. ಒಳಗೆ ಮೊಮ್ಮಗಳು ಕ್ಯಾಲೆಂಡರ್ ನೇತುಹಾಕಲು ಹೊಡೆದಿದ್ದ ಮೊಳೆ ನೋಡಿ ಅವರು ಮುಖ ಕಿವುಚಿದರು.

"ಅಯ್ಯೋ, ಇದೇನಮ್ಮಾ? ಈ ಕ್ವಾರ್ಟರ್ಸೂ ಪಟ್ಟೀಲಿದೆ. ಇನ್ಮೇಲೆ ಒಂದು ಮೊಳೆ ಹೊಡೆಯೋ ಹಾಗಿಲ್ಲ, ಒಂದು ಇಟ್ಟಿಗೆ ಅಲ್ಲಾಡಿಸೋ ಹಾಗಿಲ್ಲ. ಬಾಗಿಲು, ಕಿಟಕಿ, ಕಿಟಕಿಯ ಸರಳು, ಎಲ್ಲ ಇದ್ದ ಹಾಗೇ ಇರಬೇಕು."

ಆಮೇಲೆ ಬೆಂಚಿನ ಮುಂದೆ ಮಂಡಿಯೂರಿದರು. ಫೋಟೋ ತೆಗೆದು ಬೆಂಚು ನೋಡಿದರು, ಬೆಂಚು ನೋಡಿ ಫೋಟೋ ನೋಡಿದರು.

"ಇದರಲ್ಲಿ ಐದು ಸೀಟಿದೆ. ನಿಮ್ಮದು ನಾಲ್ಕೇ ಇದೆಯಲ್ಲ?"

ಲಾಂದ್ರದ ತಾತ ಮೀಸೆ ಸವರಿಕೊಂಡರು. ಗರಗಸ ಹಾಕಿದವನು ತಾನೇ ಎಂದು ಈ ಮನುಷ್ಯನಿಗೆ ಹೇಳುವುದೆಂತು? "ಅದು... ಬರೋವಾಗ್ಲೇ ಹಂಗಿತ್ತು ಸ್ವಾಮಿ," ಎಂದರು.

"ಛೆ! ಪೂರ್ತಿ ಇಲ್ಲದಿದ್ರೆ ತಗೊಳ್ಳೋಕಾಗಲ್ಲವಲ್ಲ."

ಸೊಸೆಗೆ ಬೇಸರವೂ ಆಯಿತು, ಮನೆ ತಣ್ಣಗಾಗುತ್ತದೆಂದು ಸಮಾಧಾನವೂ ಆಯಿತು. ಅಷ್ಟರಲ್ಲಿ ಮೊಮ್ಮಗಳು, "ಅಲ್ಲ ತಾತ, ಇನ್ನೊಂದು ಸೀಟಿನ ಮೇಲೆ ಅಜ್ಜಿ ಕೂತಿದಾರಲ್ಲ!" ಎಂದುಬಿಟ್ಟಳು.

ಅಧಿಕಾರಿ ಚಪ್ಪಲಿ ಬಿಡುವುದನ್ನೂ ಮರೆತು ಅಡುಗೆಮನೆಯ ಬಾಗಿಲಿಗೆ ಓಡಿದರು. ಅತ್ತೆ ಒಂಟಿ ಸೀಟಿನ ಮೇಲೆ ಕೂತು ಮಡಿಲಲ್ಲಿ ಮೊರ ಇಟ್ಟುಕೊಂಡು ಹುರುಳಿಕಾಯಿ ಮುರಿಯುತ್ತಿದ್ದರು.

"ಅಮ್ಮಾ, ಸ್ವಲ್ಪ ಏಳ್ತೀರಾ?"

"ಹುರುಳಿಕಾಯಿ ಮುಗೀಲಿ."

ಅಧಿಕಾರಿ ಕಾದರು. ಸೊಸೆ ಟೀ ಕೊಟ್ಟಳು. ಟೀ ಮುಗಿಯಿತು. ಅತ್ತೆ ಒಂದೊಂದು ಕಾಯಿಯ ನಾರನ್ನೂ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ನಿಧಾನವಾಗಿ ತೆಗೆದರು.

"ಕೋಣೇಲಿ ಹಾಕಿದ ಮೇಲೆ ಇದರ ಮೇಲೆ ಯಾರು ಕೂರ್ತಾರೆ?" ಎಂದು ಕೇಳಿದರು ಅತ್ತೆ.

"ಯಾರೂ ಕೂರಲ್ಲಮ್ಮ. ಸುತ್ತ ಹಗ್ಗ ಕಟ್ಟಿ, ಕೂರಬಾರದು ಅಂತ ಬೋರ್ಡ್ ಹಾಕ್ತೀವಿ."

"ಕೂರೋ ಹಾಗಿಲ್ಲ ಅಂದ್ಮೇಲೆ ಅದು ಬೆಂಚು ಹೇಗಾಯ್ತು?"

ಅಧಿಕಾರಿ ಕೈಯಲ್ಲಿದ್ದ ಟೇಪನ್ನು ಸುತ್ತತೊಡಗಿದರು. ಬಾಗಿಲಲ್ಲಿ ನಿಂತಿದ್ದ ಮಾವ "ಕೂರಬಾರದು" ಎನ್ನುವ ಮಾತು ಬಂದಾಗ ಒಂದು ಗಳಿಗೆ ಕೆಮ್ಮಿದ್ದು ಸೊಸೆಯ ಕಣ್ಣಿಗೆ ಬಿತ್ತು. ಕೊನೆಗೆ ಅತ್ತೆ ಎದ್ದರು, ಅಧಿಕಾರಿ ಸೀಟನ್ನು ತಿರುಗಿಸಿ ಮುರುಗಿಸಿ ನೋಡಿದರು, ಎರಡನ್ನೂ ಜೋಡಿಸಿ ಇಡಿ, ತಿಂಗಳ ಕೊನೆಗೆ ಬಂದು ಒಯ್ಯುತ್ತೇವೆ ಎಂದರು. ಅವರು ಹೋದದ್ದೇ ತಡ ಅತ್ತೆ ಸೀಟನ್ನು ಮೊದಲಿನ ಜಾಗಕ್ಕೆ ಎಳೆದು, ಅದರ ಮೇಲೆ ಕೂತು, ಸೆರಗು ಸರಿಮಾಡಿಕೊಂಡು ಹೇಳಿದರು:

"ಹಾಲಿನ ಬೆಂಚು ನಿಮ್ದು, ಬೇಕಾದ್ದು ಮಾಡ್ಕೊಳ್ಳಿ. ಇದು ನಂದು. ಇದನ್ನ ಯಾರೂ ಕೇಳಬೇಡಿ."

ಮುಂದಿನ ಎರಡು ವಾರ ಆ ಮನೆಯಲ್ಲಿ ಅಡುಗೆಗೇನೂ ಕಮ್ಮಿಯಿರಲಿಲ್ಲ, ಮಾತಿಗೆ ಬರಗಾಲ. ಅತ್ತೆ ಮಾವ ಎಣ್ಣೆ ಸೀಗೆಕಾಯಿಯಾದರು. ಮಾವ ಉಪ್ಪು ಬೇಕಾದರೆ ಮೊಮ್ಮಗಳಿಗೆ ಹೇಳುತ್ತಿದ್ದರು, "ನಿಮ್ಮಜ್ಜಿಗೆ ಹೇಳು, ಬೇಳೆಗೆ ಉಪ್ಪಿಲ್ಲ." ಅಜ್ಜಿ ಮೊಮ್ಮಗಳಿಗೇ ಹೇಳುತ್ತಿದ್ದರು, "ನಿಮ್ಮ ತಾತಂಗೆ ಹೇಳು, ನಾಲಗೆಗೆ ವಯಸ್ಸಾಗಿದೆ." ಮೊಮ್ಮಗಳು ಎರಡೂ ಕಡೆಯಿಂದ ಕಮಿಷನ್ ಕೇಳತೊಡಗಿದಳು. ಒಂದು ದಿನ ಮಾವ ಸಿಟ್ಟಿಗೆ ತಾವೇ ಮೊಟ್ಟೆ ಬೇಯಿಸಲು ಹೋಗಿ, ನೀರೆಲ್ಲ ಇಂಗಿ, ಮೊಟ್ಟೆ ಸಿಡಿದು ಸೂರಿಗೆ ಅಂಟಿತು. ಅತ್ತೆ ತುಟಿಪಿಟಕ್ಕೆನ್ನದೆ ಕೋಲಿಗೆ ಬಟ್ಟೆ ಸುತ್ತಿ ಸೂರು ಒರೆಸಿದರು. ಅವರು ಬೈದಿದ್ದರೆ ಮಾವನಿಗೆ ಎಷ್ಟೋ ವಾಸಿಯಾಗುತ್ತಿತ್ತು.

ಸ್ಟೇಷನ್ನಿನಲ್ಲಿ ಮಾಸ್ತರು ದಿನಾ ಕೇಳುತ್ತಿದ್ದರು, "ಏನಮ್ಮಾ, ಬೆಂಚು ಜೋಡಿಸಿ ಆಯ್ತಾ? ಕೋಣೆಗೆ ಸುಣ್ಣ ಬಳಿದು ಆಯ್ತು. ಮೇಲಿನೋರಿಗೆ ನಿಮ್ಮ ಹೆಸರೇ ಹೇಳಿದೀನಿ." ಸೊಸೆಗೆ ಆ ಮಾತು ಬಿಸಿ ತುಪ್ಪ, ಉಗುಳುವಂತಿಲ್ಲ, ನುಂಗುವಂತಿಲ್ಲ.

ಅವಳ ರಜಾದಿನ ಬಂತು. ಮಗಳು ಶಾಲೆಗೆ, ಗಂಡ ಅಂಗಡಿಗೆ, ಮಾವ ಎಂದಿನಂತೆ ಪ್ಲಾಟ್‌ಫಾರಂ ಕಡೆಗೆ ಹೋಗಿದ್ದರು. ಮಧ್ಯಾಹ್ನ ಅತ್ತೆ ಅವಳಿಗೆ ಹಾಲಿನಲ್ಲಿ ಬಡಿಸಲು ಬಂದರೆ ಅವಳಿಲ್ಲ. ತಟ್ಟೆ ಹಿಡಿದು ಅಡುಗೆಮನೆಯಲ್ಲಿ ಅಕ್ಕಿಡಬ್ಬಿಯ ಮೇಲೆ ಕೂತಿದ್ದಳು.

"ಇದೇನು ಇಲ್ಲಿ? ಅಲ್ಲಿ ಬೆಂಚೆಲ್ಲ ಖಾಲಿ ಬಿದ್ದಿದೆ."

"ಒಬ್ಳೇ ಕೂತು ತಿನ್ನೋಕೆ ಬೇಜಾರು ಅತ್ತೆ," ಎಂದಳು ಸೊಸೆ. ಎಂದ ಮೇಲೆ ತಾನೇನು ಅಂದೆನೆಂಬುದು ತನಗೇ ಕೇಳಿಸಿತು. ಅವಳ ಮುಖ ಕೆಂಪಾಯಿತು.

ಅತ್ತೆ ಅವಳಿಗೆ ಬಡಿಸಿ, ತಾವೂ ಬಡಿಸಿಕೊಂಡು ತಮ್ಮ ಸೀಟಿನಲ್ಲಿ ಕೂತರು. ಸ್ವಲ್ಪ ಹೊತ್ತು ಇಬ್ಬರೂ ಉಂಡರು. ಆಮೇಲೆ ಅತ್ತೆ ತಟ್ಟೆ ನೋಡಿಕೊಂಡೇ ಮಾತಾಡಿದರು.

"ಆವತ್ತು ಬೆಂಚು ತಂದು ಅಂಗಳದಲ್ಲಿ ಇಳಿಸಿದ್ರಲ್ಲ, ನಾನು ಸೀಟು ಎಣಿಸಿದೆ. ಐದು. ನಾವೂ ಐದು ಜನ. ನಮಗೇ ಅಂತ ಮಾಡಿದ ಹಾಗಿತ್ತು. ಈ ತುದೀದು ನಂದು, ಇಲ್ಲಿಂದ ಎದ್ದು ಬಡಿಸೋಕೆ ಹತ್ರ ಅಂತ ಅಂದ್ಕೊಂಡೆ. ಅಷ್ಟರಲ್ಲಿ ಇವರು ಗರಗಸ ತರಿಸಿದ್ರು."

ಸೊಸೆ ತುತ್ತು ಎತ್ತಲಿಲ್ಲ.

"ಬೇರೆ ಕಡೆಯಿಂದ ಕುಯ್ದಿದ್ರೂ ಒಂದು ಸೀಟು ಹೋಗ್ತಿತ್ತು, ಅದು ಬಿಡು. ಆದ್ರೆ ಕುಯ್ದ ಮೇಲೆ ಒಬ್ರಾದ್ರೂ, ಹಾಗಾದ್ರೆ ಇವಳೆಲ್ಲಿ ಕೂರ್ತಾಳೆ ಅಂತ ಕೇಳ್ತಾರೇನೋ ಅಂತ ಕಾದೆ. ಬರಬೇಡ ಅಂತ ಯಾರೂ ಅನ್ಲಿಲ್ಲಮ್ಮ. ಬಾ ಅಂತಾನೂ ಅನ್ಲಿಲ್ಲ. ಇದನ್ನ ತಂದು ಇಲ್ಲಿ ಹಾಕಿದ್ರು. ಇರೋದು ಇದೊಂದು. ಇದನ್ನೂ ಕೊಡು ಅಂದ್ರೆ?"

ಸೊಸೆಯ ಕಣ್ಣು ತುಂಬಿತು. ಇಷ್ಟು ವರ್ಷ ಆ ನಾಲ್ಕು ಸೀಟಿನಲ್ಲಿ ಹಾಯಾಗಿ ಕೂತು ಉಂಡವರಲ್ಲಿ ತಾನೂ ಒಬ್ಬಳು. "ಅತ್ತೆ, ಬೆಂಚು ಬೇಡ. ನಾಳೆ ಮಾಸ್ತರಿಗೆ ಹೇಳಿಬಿಡ್ತೀನಿ. ಬೈದ್ರೆ ಬೈಸ್ಕೊಳ್ತೀನಿ."

"ಹುಚ್ಚಿ. ಮಾತು ಕೊಟ್ಟಿದೀಯ. ನಿನ್ನ ಕೆಲಸದ ಜಾಗದಲ್ಲಿ ನೀನು ತಲೆ ತಗ್ಗಿಸಬಾರದು. ನೀನು ತಲೆ ಎತ್ತಿ ನಡೀತೀಯ ಅಂತ ತಾನೇ ನಾನು ಬೀದೀಲಿ ಜಂಬ ಪಡೋದು?" ಅತ್ತೆ ಎಡಗೈಯಲ್ಲಿ ಅವಳ ತಟ್ಟೆಗೆ ಇನ್ನೊಂದು ಸೌಟು ಪಲ್ಯ ಹಾಕಿದರು. "ತಗೊಂಡು ಹೋಗ್ಲಿ. ಹೋಗೋ ಮುಂಚೆ ಒಂದು ಸಲ ಇಡೀ ಬೆಂಚು ನಮ್ಮನೇಲಿ ನೋಡ್ಬೇಕು. ಅಷ್ಟೇ."

ಸಂಜೆ ಸೊಸೆ ನೇರ ಗಂಡನ ಅಂಗಡಿಗೆ ಹೋದಳು. ಅವನು ಬಾಗಿಲೊಂದಕ್ಕೆ ಉಜ್ಜುಗೊರಡು ಹಾಕುತ್ತಿದ್ದ. ಅವಳು ಎಲ್ಲವನ್ನೂ ಹೇಳಿದಳು. ಅವನ ಕೈ ಓಡುತ್ತಿದ್ದದ್ದು ನಿಧಾನವಾಯಿತು, ಆಮೇಲೆ ನಿಂತಿತು. ಮರದ ಚಕ್ಕೆಗಳನ್ನು ಸುಮ್ಮನೆ ಕೈಯಿಂದ ಗುಡ್ಡೆ ಮಾಡಿದ.

"ಅಮ್ಮ ಹಂಗಂದ್ರಾ?"

"ಹಂಗೇ ಅಂದ್ರು."

"ನಂಗೆ ಒಂದು ಸಲಾನೂ ಹೊಳೀಲಿಲ್ಲ ಕಣೇ. ಬೆಂಚು ಇರೋದೇ ಹಂಗೆ, ಅಮ್ಮ ಇರೋದೇ ಒಳಗೆ ಅಂದ್ಕೊಂಡಿದ್ದೆ." ಉಜ್ಜುಗೊರಡನ್ನು ಪಕ್ಕಕ್ಕಿಟ್ಟು, "ಭಾನುವಾರ ಜೋಡಿಸ್ತೀನಿ. ಮನೇಲೇ. ಹಾಲಲ್ಲೇ," ಎಂದ.

"ಇಲ್ಲಿಗೆ ತರಬಹುದಲ್ಲ? ಮನೆಯೆಲ್ಲ ಧೂಳಾಗತ್ತೆ."

"ಇಲ್ಲಿ ಜಾಗ ಇಲ್ಲ."

ಆ ಅಂಗಡಿಯಲ್ಲಿ ಮಂಚ, ಬೀರು, ಎಲ್ಲ ತಯಾರಾಗುತ್ತಿದ್ದವು. ಜಾಗ ಇಲ್ಲವೆಂಬ ಮಾತು ಸೊಸೆಗೆ ವಿಚಿತ್ರವಾಗಿ ಕಂಡಿತು. ಆದರೆ ಕೆದಕಲಿಲ್ಲ.

ಭಾನುವಾರ ಅವನು ಒಂಟಿ ಸೀಟಿನ ಹುಸಿ ಕಾಲುಗಳನ್ನು ಬಿಚ್ಚಿದ, ಬೆಂಚಿನ ತುದಿಗೆ ಅಪ್ಪ ಬಡಿದಿದ್ದ ಸೊಟ್ಟ ಕಾಲು ಕಿತ್ತ. ಕತ್ತರಿಸಿದ ಕಡೆ ಅದೇ ಜಾತಿಯ ಹಳೆಯ ಮರದ ತುಂಡು ಕೂರಿಸಿ, ಗೂಟ ಇಳಿಸಿ, ಅಂಟು ಹಾಕಿ ಬಿಗಿದ. ಮಾವ ಪಕ್ಕದಲ್ಲೇ ನಿಂತು ಸಲಹೆ ಕೊಡುತ್ತಲೇ ಇದ್ದರು. ಮಗ "ಹೂಂ, ಹೂಂ" ಎನ್ನುತ್ತ ಒಂದನ್ನೂ ಕೇಳಲಿಲ್ಲ. ಜೋಡಿಸಿದ ಜಾಗ ನಾಲ್ಕನೆಯ ಮತ್ತು ಐದನೆಯ ಸೀಟಿನ ನಡುವಿನ ಕೈಯ ಕೆಳಗೆ ಅಡಗಿಹೋಯಿತು. ಐದು ಸೀಟಿನ ಬೆಂಚು ಗೋಡೆಯುದ್ದಕ್ಕೂ ಚಾಚಿ, ಅಡುಗೆಮನೆಯ ಬಾಗಿಲಿಗೆ ಅರ್ಧ ಅಡ್ಡ ಬಂತು. ಇನ್ನು ಒಳಗೆ ಹೋಗುವವರು ಮಗ್ಗುಲಾಗಿ ಹೋಗಬೇಕು.

ರಾತ್ರಿ ಅಂಟು ಒಣಗಿದ ಮೇಲೆ ನಾಲ್ವರೂ ಅಭ್ಯಾಸಬಲದಿಂದ ತಮ್ಮ ತಮ್ಮ ಸೀಟಿನಲ್ಲಿ ಕೂತರು. ಅತ್ತೆ ಬಡಿಸಿದರು, ತಮ್ಮ ತಟ್ಟೆ ಹಿಡಿದು ಒಳಗೆ ಹೋದರು. ಅಲ್ಲಿ ಕೂರಲು ಏನೂ ಇರಲಿಲ್ಲ. ತಟ್ಟೆ ಹಿಡಿದುಕೊಂಡು ಒಲೆಯ ಪಕ್ಕ ನಿಂತುಬಿಟ್ಟರು.

ಸೊಸೆ ಬಾಯಿ ತೆರೆಯಬೇಕೆಂದಿದ್ದಳು. ಗಂಡ ಮೇಜಿನ ಕೆಳಗೆ ಅವಳ ಕಾಲು ಒತ್ತಿದ. ಅವನು ಅಪ್ಪನ ಮುಖವನ್ನೇ ನೋಡುತ್ತಿದ್ದ.

ಮಾವ ಖಾಲಿ ಸೀಟು ನೋಡಿದರು. ತಟ್ಟೆ ನೋಡಿದರು. ಮತ್ತೆ ಖಾಲಿ ಸೀಟು ನೋಡಿದರು. ಅವರಿಗೆ ಯಾರೂ ಏನೂ ಹೇಳಿರಲಿಲ್ಲ, ಆದರೆ ಎದುರಿಗಿದ್ದದ್ದು ಕಾಣದಷ್ಟು ಕುರುಡರೂ ಅವರಲ್ಲ.

"ಲೇ," ಎಂದರು. ಎರಡು ವಾರದಲ್ಲಿ ನೇರವಾಗಿ ಆಡಿದ ಮೊದಲ ಮಾತು ಅದು. "ಬಾರೇ ಇಲ್ಲಿ. ಜಾಗ ಇದೆ."

"ಬಡಿಸೋರು ಯಾರು?" ಎಂದು ಒಳಗಿನಿಂದ ದನಿ ಬಂತು.

"ಪಾತ್ರೆ ಎಲ್ಲ ತಂದು ಮೇಜಿನ ಮೇಲೇ ಇಟ್ರೆ ಆಯ್ತಲ್ಲ ಅಜ್ಜಿ," ಎಂದಳು ಮೊಮ್ಮಗಳು.

ದೊಡ್ಡವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಷ್ಟು ಸುಲಭದ ಸಂಗತಿ ಇಷ್ಟು ಕಾಲ ಯಾರ ತಲೆಗೂ ಬಂದಿರಲಿಲ್ಲ. ಮೊಮ್ಮಗಳು ಅನ್ನದ ಪಾತ್ರೆ ತಂದಳು, ಸೊಸೆ ಬೇಳೆಯದನ್ನು ತಂದಳು. ಅತ್ತೆ ಮಗ್ಗುಲಾಗಿ ಹೊರಬಂದು ತುದಿಯ ಸೀಟಿನಲ್ಲಿ, ಗಾಡಿಯಲ್ಲಿ ರಿಸರ್ವೇಶನ್ ಇಲ್ಲದವರು ಕೂರುವ ಹಾಗೆ, ಅಂಚಿಗೆ ಕೂತರು. ಎರಡು ತುತ್ತಾದ ಮೇಲೆ ಹಿಂದಕ್ಕೆ ಒರಗಿದರು.

ಒರಗಿದ ಮೇಲೆ ಬಾಯಿ ಬಿಟ್ಟರು ನೋಡಿ! ಮಾವ ಎಂದಿನ ಹಾಗೆ, ಬಿರುಗಾಳಿಯ ದಿನ ತಾವೊಬ್ಬರೇ ಹೋಗಿ ಸಿಗ್ನಲ್ ದೀಪ ಹಚ್ಚಿದ ಕಥೆ ತೆಗೆದಿದ್ದರು. ಅತ್ತೆ ನಡುವೆ ಬಾಯಿ ಹಾಕಿದರು. "ಒಬ್ರೇ ಎಲ್ಲಿ ಹೋದ್ರಿ? ಕೊಡೆ ಹಿಡಿದೋಳು ನಾನು. ಪ್ರತಿಸಲ ನನ್ನ ಬಿಟ್ಟುಬಿಟ್ಟು ಹೇಳ್ತೀರಿ." ಮೊಮ್ಮಗಳಿಗೆ ಅನ್ನ ನೆತ್ತಿಗೇರುವಷ್ಟು ನಗು. ಮಾವ ತಲೆ ಕೆರೆದುಕೊಂಡು, "ಹೌದಲ್ಲ, ಕೊಡೆ ಇತ್ತು," ಎಂದರು. ಆ ಮನೆಯಲ್ಲಿ ಊಟ ಅಷ್ಟು ಹೊತ್ತು ನಡೆದದ್ದೇ ಇಲ್ಲ. ಸಂತೋಷಪಡಬೇಕಾದ ಸೊಸೆ ಮಾತ್ರ ಕ್ಯಾಲೆಂಡರಿನಲ್ಲಿ ದಿನ ಎಣಿಸುತ್ತಿದ್ದಳು. ತಿಂಗಳ ಕೊನೆಗೆ ಈ ಬೆಂಚು ಹೋಗುತ್ತದೆ, ಕಳಿಸುವವಳು ತಾನೇ.

ಆಮೇಲಿನ ದಿನಗಳಲ್ಲಿ ಮಾವ ಹಿತ್ತಾಳೆಯ ಮಾತು ಎತ್ತಲಿಲ್ಲ. ಒಂದು ಸಂಜೆ ಸೊಸೆಯ ಜೊತೆ ಸ್ಟೇಷನ್ನಿಗೆ ಬಂದವರು ಸುಣ್ಣ ಬಳಿದ ಕೋಣೆಯ ಬಾಗಿಲಲ್ಲಿ ನಿಂತರು. ಹಗ್ಗ ಕಟ್ಟಲು ಎರಡು ಚಿಕ್ಕ ಕಂಬ ಆಗಲೇ ಬಂದಿದ್ದವು.

"ಆಗಲೂ ಕೂರೋ ಹಾಗಿರಲಿಲ್ಲ," ಎಂದರು ಮಾವ. "ಈಗಲೂ ಇಲ್ಲ. ಹೆಸರು ಮಾತ್ರ ನಂದಂತೆ."

"ಬೇಡ ಅಂದುಬಿಡೋಣ್ವಾ ಮಾವ?"

"ನೀನು ಮಾತು ಕೊಟ್ಟಿದೀಯಲ್ಲಮ್ಮ," ಎಂದರು ಅವರೂ. ಬೇರೆ ಯಾವುದರಲ್ಲೂ ಒಂದಾಗದ ಗಂಡ ಹೆಂಡತಿ ಇದೊಂದರಲ್ಲಿ ಒಂದಾಗಿದ್ದರು.

ತಿಂಗಳ ಕೊನೆಯ ದಿನ ಅಧಿಕಾರಿ ಲಾರಿ ಸಮೇತ ಬಂದರು, ಜೊತೆಗೆ ಹೊರುವ ಆಳುಗಳು, ಹಿಂದೆ ಸ್ಟೇಷನ್ ಮಾಸ್ತರು. ಬೆಂಚು ನೋಡಿ ಅಧಿಕಾರಿ ಬಡಗಿಯ ಬೆನ್ನು ತಟ್ಟಿದರು. ಅತ್ತೆ ಬೆಂಚನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣ ಬಟ್ಟೆಯಲ್ಲಿ ಒರೆಸಿ, ತುದಿಯ ಸೀಟನ್ನು ಇನ್ನೊಮ್ಮೆ ಒರೆಸಿ ಪಕ್ಕಕ್ಕೆ ಸರಿದರು. ಸೊಸೆ ಗೋಡೆ ಕಡೆ ಮುಖ ತಿರುಗಿಸಿದಳು.

ಆಳುಗಳು ಬೆಂಚು ಎತ್ತಿದರು. ಹಾಲು ದಾಟಿದರು. ಓಣಿಯ ತಿರುವಿಗೆ ಬಂದರು. ಬೆಂಚು ನಿಂತಿತು.

"ಸ್ವಲ್ಪ ಎತ್ತಿ," ಎಂದರು ಅಧಿಕಾರಿ. ಎತ್ತಿದರು. "ವಾರೆ ಮಾಡಿ." ವಾರೆ ಮಾಡಿದರು. "ನಿಲ್ಲಿಸಿ ನೋಡಿ." ನಿಲ್ಲಿಸಿದರೆ ಸೂರು ತಾಗಿತು. ಬೆಂಚು ಮೊದಲಿನ ಸಲ ಹೇಗೆ ಹಟ ಹಿಡಿದಿತ್ತೋ ಹಾಗೆಯೇ, ಅದೇ ತಿರುವಿನಲ್ಲಿ, ಅಲ್ಲಾಡದೆ ನಿಂತಿತ್ತು.

ಅತ್ತೆಯೇ ಮೊದಲು ಬಾಯಿ ಬಿಟ್ಟರು. "ಕಿಟಕಿಯಿಂದ..." ಎಂದವರು ತಡೆದರು. ಕಿಟಕಿಗೆ ಯಾವತ್ತೋ ರೈಲ್ವೆಯವರೇ ಬಂದು ಸರಳು ಹಾಕಿದ್ದರು.

"ಸರಳು ಬಿಚ್ಚಿದ್ರೆ?" ಎಂದರು ಮಾಸ್ತರು.

ಮಾವ ಎದೆ ಸೆಟೆಸಿ ಮುಂದೆ ಬಂದರು. "ಎಲ್ಲಾದ್ರೂ ಉಂಟಾ ಸ್ವಾಮಿ! ಪಾರಂಪರಿಕ ಕಟ್ಟಡ. ಬಾಗಿಲು, ಕಿಟಕಿ, ಸರಳು, ಇದ್ದ ಹಾಗೇ ಇರಬೇಕು. ಒಂದು ಇಟ್ಟಿಗೆ ಅಲ್ಲಾಡಿಸೋ ಹಾಗಿಲ್ಲ. ಸಾಹೇಬರೇ ಹೇಳಿದಾರೆ."

"ಹಾಗಾದ್ರೆ ಜೋಡಿಸಿದ್ದನ್ನ ಬಿಚ್ಚೋದು..." ಎಂದು ಮಾಸ್ತರು ಬಡಗಿಯ ಕಡೆ ತಿರುಗಿದರು.

"ಬಿಚ್ಚೋಕೆ ಬರಲ್ಲ. ಅಂಟು ಹಾಕಿ ಗೂಟ ಇಳಿಸಿದೀನಿ. ಗರಗಸಾನೇ ಹಾಕ್ಬೇಕು," ಎಂದ ಬಡಗಿ.

"ಗರಗಸ!" ಎಂದು ಅಧಿಕಾರಿ ಎರಡೂ ಕೈ ಬೆಂಚಿನ ಮೇಲಿಟ್ಟರು, ತಮ್ಮ ಮಗುವಿನ ಮೇಲಿಡುವ ಹಾಗೆ. "ಇಂಥ ವಸ್ತುವಿಗೆ ಗರಗಸ ಹಾಕೋದಾ? ಹಾಕಿದೋನು ಮನುಷ್ಯನಾ?"

ಮಾವ ಸೂರು ನೋಡಿದರು.

ಅತ್ತೆ ಮಾತ್ರ ಮಗನನ್ನು ದಿಟ್ಟಿಸಿ ನೋಡುತ್ತಿದ್ದರು. "ಅಲ್ವೋ, ಒಂದು ಮಣೆ ಮಾಡೋಕೂ ಎರಡೆರಡು ಸಲ ಅಳತೆ ಮಾಡೋನು ನೀನು. ಆ ತಿರುವು ಅಳತೆ ಮಾಡ್ಲಿಲ್ವಾ?"

"ಮರ್ತೆ ಅಮ್ಮ," ಎಂದ ಮಗ. ಕಿವಿಯ ಮೇಲಿದ್ದ ಪೆನ್ಸಿಲ್ಲನ್ನು ತೆಗೆದು, ನೋಡಿ, ಮತ್ತೆ ಅಲ್ಲೇ ಇಟ್ಟುಕೊಂಡ.

ಸೊಸೆಗೆ ಅಂಗಡಿಯಲ್ಲಿ ಜಾಗವಿಲ್ಲ ಎಂದ ಮಾತು ಆಗ ನೆನಪಾಯಿತು. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

ಅಧಿಕಾರಿ ಒಬ್ಬೊಬ್ಬರ ಮುಖವನ್ನೂ ನೋಡುತ್ತ ಬಂದರು. ಕಟ್ಟಡ ಬಿಟ್ಟು ಮನುಷ್ಯರನ್ನು ಅವರು ನೋಡಿದ್ದು ಅದೇ ಮೊದಲಿರಬೇಕು. ಕೊನೆಗೆ ನಕ್ಕರು. "ಮಾಸ್ತರೇ, ಈ ಕ್ವಾರ್ಟರ್ಸೂ ಸ್ಟೇಷನ್ನಿಗೇ ಸೇರಿದ್ದಲ್ವಾ? ಹಾಗಾದ್ರೆ ಬೆಂಚು ಸ್ಟೇಷನ್ನಿನಲ್ಲೇ ಇದೆ ಅಂತ ಬರೀತೀನಿ. ಕೋಣೆಗೆ ಇದೇ ಅಳತೇಲಿ ಇನ್ನೊಂದನ್ನ ಇವರೇ ಮಾಡಿಕೊಡಲಿ. ಹೊಸದು ತಾನೇ, ಹಗ್ಗ ಬೇಡ. ಗಾಡಿಗೆ ಬಂದೋರು ಕೂತ್ಕೊಳ್ಳಲಿ."

"ಅದನ್ನ ಅಂಗಡೀಲೇ ಮಾಡು, ಜಾಗ ಆಗತ್ತೆ," ಎಂದಳು ಸೊಸೆ ಗಂಡನ ಕಿವಿಯಲ್ಲಿ.

ಮಾಸ್ತರು ಗಾಡಿ ಬರುವ ಹೊತ್ತಾಯಿತೆಂದು ಓಡಿದರು. ಆಳುಗಳು ಬೆಂಚನ್ನು ಮೊದಲಿನ ಜಾಗಕ್ಕೆ ಇಟ್ಟು ಲಾರಿ ಹತ್ತಿದರು. ಊಟದ ಹೊತ್ತಿಗೆ ಬಂದವರನ್ನು ಹಾಗೇ ಕಳಿಸುವುದುಂಟೆ ಎಂದು ಅತ್ತೆ ಅಧಿಕಾರಿಯನ್ನು ನಿಲ್ಲಿಸಿಕೊಂಡರು. ಈಗ ಜನ ಆರು, ಸೀಟು ಐದು. ಅತ್ತೆ ಅಭ್ಯಾಸದಿಂದ ತಮ್ಮ ತಟ್ಟೆ ಎತ್ತಿಕೊಂಡರು. ಮಾವ ಅದನ್ನು ಅವರ ಕೈಯಿಂದ ಕಿತ್ತು ಮೇಜಿನ ಮೇಲಿಟ್ಟರು. "ನೀನು ಕೂತ್ಕೋ. ಸಾಹೇಬರು ನನ್ನ ಸೀಟಲ್ಲಿ ಕೂರಲಿ. ನಾನು ಒಳಗೆ ತಿಂತೀನಿ. ಒಂದು ದಿನ ತಾನೇ," ಎಂದು ತಮ್ಮ ತಟ್ಟೆ ಹಿಡಿದು, ಮಗ್ಗುಲಾಗಿ ನುಸುಳಿ, ಅಕ್ಕಿಡಬ್ಬಿಯ ಮೇಲೆ ಕೂತರು.

ಹಾಲಿನಲ್ಲಿ ಮಾತು ಏರಿತು. ಅಧಿಕಾರಿ ಏನೋ ಹೇಳಿದರು, ಮೊಮ್ಮಗಳು ಅದಕ್ಕೊಂದು ಸೇರಿಸಿದಳು, ಎಲ್ಲರೂ ಗೊಳ್ಳೆಂದು ನಕ್ಕರು. ಮಾವ ಅಡುಗೆಮನೆಯ ಬಾಗಿಲಿಗೆ ಬಂದು ತಟ್ಟೆ ಹಿಡಿದು ನಿಂತರು.

"ಏನು? ಏನಂದ್ರು? ಇಲ್ಲಿಂದ ಏನೂ ಸರಿಯಾಗಿ ಕೇಳ್ಸಲ್ವಲ್ಲೇ!"

ಅತ್ತೆ ತಿರುಗಿ ನೋಡಲಿಲ್ಲ. ಅನ್ನ ಕಲಸುತ್ತಲೇ ಹೇಳಿದರು, "ಕೇಳ್ಸತ್ತೆ ರೀ. ಎಲ್ಲಾ ಕೇಳ್ಸತ್ತೆ. ನಗೋಕೆ ಮಾತ್ರ ಪಕ್ಕದಲ್ಲಿ ಯಾರೂ ಇರಲ್ಲ, ಅಷ್ಟೇ."

ಮಾವನ ಕೈಯ ತಟ್ಟೆ ವಾರೆಯಾಯಿತು. ಅದನ್ನು ನೆಟ್ಟಗೆ ಮಾಡಿಕೊಂಡು, ಬಾಗಿಲಿನಿಂದ ಮಗ್ಗುಲಾಗಿ ಒಂದು ಹೆಜ್ಜೆ ಹೊರಗೆ ಇಟ್ಟರು.

ಅತ್ತೆ ತುತ್ತು ನುಂಗಿ, ತಮ್ಮ ಸೀಟಿನ ಪಕ್ಕದ ಮರದ ಕೈಯನ್ನು, ಕೆಳಗೆ ಗರಗಸದ ಗಾಯ ಮುಚ್ಚಿಕೊಂಡಿದ್ದ ಆ ಕೈಯನ್ನು, ಎಡಗೈಯಿಂದ ತಟ್ಟಿದರು.

"ಬನ್ನಿ. ಇದರ ಮೇಲೆ ಕೂತ್ಕೊಳ್ಳಿ. ಬೀಳಲ್ಲ, ಮಗ ಗಟ್ಟಿಯಾಗಿ ಜೋಡಿಸಿದಾನೆ."